ಅಲ್ ಐನ್ ಊರಿನ ಹಳೇ ಫೋಟೋಗಳು: ಯಾರು ತೆಗೆದದ್ದು, ಯಾವ ಕಾಲದ್ದು?

ಕುಂದಾಪುರ ಟು ಅಲ್ ಐನ್

ನಮಸ್ಕಾರ ಎಲ್ಲರಿಗೂ. ನಾನಿರುವುದು ಯುಎಇಯ ಅಲ್ ಐನ್‌ನಲ್ಲಿ. ದುಬೈನ ಹಳೇ ಫೋಟೋ ಅಂದರೆ ವಾಟ್ಸಾಪ್ ಗ್ರೂಪುಗಳಲ್ಲಿ ರಾಶಿ ಬೀಳುತ್ತವೆ, ಈ ಊರಿನದು ಬರುವುದೇ ಅಪರೂಪ. ಬಂದರೂ ಕೆಳಗೆ ಊರ ಹೆಸರಿಲ್ಲ, ವರ್ಷ ಇಲ್ಲ, ತೆಗೆದವರು ಯಾರು ಅಂತಲೂ ಇಲ್ಲ. ಮೊನ್ನೆ ಒಂದು ಬಂತು. ಮಣ್ಣಿಟ್ಟಿಗೆಯ ಚೌಕ ಕೋಟೆ, ಅದರಿಂದ ಸ್ವಲ್ಪ ದೂರದಲ್ಲಿ ಒಂದರ ಮೇಲೊಂದು ಸುತ್ತು ಕಿರಿದಾಗುತ್ತಾ ಹೋಗುವ ದುಂಡು ಬುರುಜು, ಮುಂದೆ ಒಂಟೆಗಳು. ಕೆಳಗೆ ‘1960ರ ದುಬೈ’ ಅಂತ ಬರೆದಿದ್ದರು! ಅದು ಇಲ್ಲಿನ ಜಾಹಿಲಿ ಕೋಟೆ. ಕೆಲಸಕ್ಕೆ ಹೋಗುವ ದಾರಿಯಲ್ಲೇ ಇದೆ, ಆ ಬುರುಜನ್ನು ಎಲ್ಲಿಂದ ನೋಡಿದರೂ ಗುರುತು ಹಿಡಿಯುತ್ತೇನೆ. ಆದರೆ ಫೋಟೋ ಯಾವ ಕಾಲದ್ದು ಅಂತ ಹೇಳುವುದು ಹೇಗೆ?

ಅಲ್ ಐನ್, ಗಡಿಯಾಚೆಯ ಒಮಾನಿನ ಬುರೈಮಿ, ಹಫೀತ್ ಬೆಟ್ಟ, ದೂರದ ಲಿವಾ, ಈ ಕಡೆಯ ಹಳೇ ಫೋಟೋಗಳು ಸರಿಯಾದ ವಿವರದ ಜೊತೆ ಎಲ್ಲಿ ಸಿಗುತ್ತವೆ? ಮಕ್ಕಳು ಹುಟ್ಟಿ ಬೆಳೆಯುತ್ತಿರುವ ಊರು ಇದು. ಅವರಿಗೆ ತೋರಿಸುವಾಗ ಸುಮ್ನೆ ಏನೋ ಹೇಳಲು ಇಷ್ಟವಿಲ್ಲ.

ಹಳೇ ನೆಗೆಟಿವ್

ನೀವು ಹೇಳಿದ ಕೋಟೆಯ ಒಳಗಿಂದಲೇ ಶುರು ಮಾಡಿ. ಜಾಹಿಲಿ ಕೋಟೆಯಲ್ಲಿ ಬ್ರಿಟಿಷ್ ಪ್ರವಾಸಿ ವಿಲ್ಫ್ರೆಡ್ ಥೆಸಿಗರ್ ಅವರ ಫೋಟೋಗಳ ಕಾಯಂ ಪ್ರದರ್ಶನ ಇದೆ. ಬೆದು ಅಂದರೆ ಮರಳುಗಾಡಿನ ಅಲೆಮಾರಿ ಜನ ಅವರನ್ನು ‘ಮುಬಾರಕ್ ಬಿನ್ ಲಂಡನ್’ ಅಂತ ಕರೆಯುತ್ತಿದ್ದರು, ಪ್ರದರ್ಶನಕ್ಕೂ ಅದೇ ಹೆಸರು. 1940ರ ದಶಕದ ಕೊನೆಯಲ್ಲಿ ಇವರು ‘ರುಬ್ ಅಲ್ ಖಾಲಿ’ ಅನ್ನುವ ಆ ದೊಡ್ಡ ಮರಳುಗಾಡನ್ನು ಬೆದು ಸಂಗಾತಿಗಳ ಜೊತೆ ಎರಡು ಸಲ ಒಂಟೆಯ ಮೇಲೆ ದಾಟಿದರು. 1948ರಲ್ಲಿ ಅಬುಧಾಬಿಗೆ ಬಂದು, ಅಲ್ಲಿಂದ ಬುರೈಮಿ ಕಡೆಗೆ ಹೊರಟು, ಈಗಿನ ಅಲ್ ಐನ್‌ನಲ್ಲೇ ಇರುವ ಮುವೈಜಿ ಕೋಟೆಯಲ್ಲಿ ಶೇಖ್ ಜಾಯೆದ್ ಅವರನ್ನು ಕಂಡರು. ಜಾಯೆದ್ ಆಗ ಇನ್ನೂ ಅಬುಧಾಬಿಯ ಆಡಳಿತಗಾರರಾಗಿರಲಿಲ್ಲ, ಅಣ್ಣನ ಪರವಾಗಿ ಈ ಪೂರ್ವ ಭಾಗವನ್ನು ನೋಡಿಕೊಳ್ಳುತ್ತಿದ್ದರು.

ಥೆಸಿಗರ್ ಅವರ ನೆಗೆಟಿವ್‌ಗಳು ಆಕ್ಸ್‌ಫರ್ಡ್‌ನ ಪಿಟ್ ರಿವರ್ಸ್ ಮ್ಯೂಸಿಯಂನಲ್ಲಿವೆ. ಎಲ್ಲಾ ದೇಶದ್ದೂ ಸೇರಿ ಸುಮಾರು 38,000. ಮ್ಯೂಸಿಯಂನ ಆನ್‌ಲೈನ್ ಪಟ್ಟಿಯಲ್ಲಿ ಜಾಗ, ಕಾಲ ಎಲ್ಲಾ ನಮೂದಾಗಿರುತ್ತದೆ. ನಿಮಗೆ ಬೇಕಾಗಿರುವುದು ಅದೇ ಅಲ್ವಾ?

ಅವರ ಫೋಟೋಗಳಲ್ಲಿ ನನಗೆ ಹಿಡಿಸುವುದು ಮುಖಗಳು. ಸಂಗಾತಿಗಳಾಗಿದ್ದ ಬಿನ್ ಕಬೀನಾ, ಬಿನ್ ಘಬೈಶಾ ಇಬ್ಬರೂ ಆಗ ಹದಿಹರೆಯದ ಹುಡುಗರು. ಉದ್ದ ಕೂದಲು, ಸೊಂಟದಲ್ಲಿ ತೋಟಾ ಪಟ್ಟಿ, ಕೈಯಲ್ಲಿ ಬಂದೂಕು. ಕ್ಯಾಮೆರಾ ಮುಂದೆ ಹೇಗೆ ನಿಲ್ಲಬೇಕು ಅಂತ ಯಾರೂ ಹೇಳಿಕೊಟ್ಟ ಹಾಗೆ ಕಾಣುವುದಿಲ್ಲ. ತಿಂಗಳುಗಟ್ಟಲೆ ಜೊತೆಗೆ ನಡೆದು, ಒಂದೇ ಬಟ್ಟಲಲ್ಲಿ ಉಂಡವರ ಮುಂದೆ ನಿಲ್ಲುವ ಹಾಗೆ ನಿಂತಿದ್ದಾರೆ. ಜೀಪಿನಲ್ಲಿ ಬಂದು ಅರ್ಧ ದಿನದಲ್ಲಿ ಹೋದವರಿಗೆ ಇಂಥ ಫೋಟೋ ಸಿಗುವುದಿಲ್ಲ.

ಇನ್ನೂ ಹಳೆಯದು ಬೇಕಾದರೆ ಹರ್ಮನ್ ಬುರ್ಖಾರ್ಟ್ ಅನ್ನುವ ಜರ್ಮನ್ ಪ್ರವಾಸಿ 1904ರಲ್ಲಿ ಅಬುಧಾಬಿಯಲ್ಲಿ ತೆಗೆದವು ನೋಡಿ. ಕೋಟೆಯ ಹೊರಗೆ ಮಜ್ಲಿಸ್‌ನಲ್ಲಿ, ಅಂದರೆ ಜನರನ್ನು ಕಾಣುವ ಸಭೆಯಲ್ಲಿ, ಕುಳಿತ ಒಂದನೇ ಜಾಯೆದ್ (ಶೇಖ್ ಜಾಯೆದ್ ಅವರ ಅಜ್ಜ) ಅವರ ಫೋಟೋ ಅದರಲ್ಲೇ ಇದೆ. ನಿಮ್ಮ ಜಾಹಿಲಿ ಕೋಟೆ ಕಟ್ಟಿಸಿದವರೂ ಅವರೇ, 1890ರ ದಶಕದಲ್ಲಿ.

ಮೆಮೊರಿ ಕಾರ್ಡ್

ಕಾಲ ಗುರುತಿಸುವ ಬಗ್ಗೆ ನಾನು ಹೇಳುತ್ತೇನೆ. ಮೊದಲು ಒಂಟೆ ಬಿಟ್ಟು ಕಟ್ಟಡ ನೋಡಿ. ಒಂಟೆ 1900ರಲ್ಲೂ ಇತ್ತು, ಇವತ್ತೂ ಇದೆ. ಜಾಹಿಲಿಯಲ್ಲಿ ಮೊದಲು ಇದ್ದದ್ದು ಚೌಕ ಕೋಟೆ ಮತ್ತು ಬೇರೆಯಾಗಿ ನಿಂತ ಆ ದುಂಡು ಬುರುಜು. 1950ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಸ್ಥಳೀಯ ಪಡೆ ಅಲ್ಲಿ ಬಿಡಾರ ಹೂಡಿದ ಮೇಲೆ ಸೈನಿಕರ ಕೋಣೆಗಳೆಲ್ಲ ಸೇರಿಕೊಂಡವು. ನಿಮ್ಮ ಫೋಟೋದಲ್ಲಿ ಬುರುಜು ಖಾಲಿ ಬಯಲಲ್ಲಿ ಒಂಟಿಯಾಗಿ ನಿಂತಿದ್ದರೆ ಅದಕ್ಕಿಂತ ಮುಂಚಿನದು ಇರಬಹುದು.

ಆ ಪಡೆಯ ಹೆಸರು ಮೊದಲು ಟ್ರೂಶಿಯಲ್ ಒಮಾನ್ ಲೆವೀಸ್, 1956ರಿಂದ ಸ್ಕೌಟ್ಸ್ (ಟ್ರೂಶಿಯಲ್ ಒಮಾನ್ ಅಂದರೆ ಈಗಿನ ಯುಎಇ ಪ್ರದೇಶ). ಚೌಕಳಿಯ ಕೆಂಪು-ಬಿಳಿ ತಲೆವಸ್ತ್ರ, ಜೊತೆಗೆ ಲ್ಯಾಂಡ್ ರೋವರ್ ಕಂಡರೆ 50-60ರ ದಶಕ ಅಂದುಕೊಳ್ಳಿ. ಆಗ ಬುರೈಮಿಯ ಹಳ್ಳಿಗಳಿಗಾಗಿ ದೊಡ್ಡ ಜಗಳ ನಡೆದಿತ್ತು. 1952ರಲ್ಲಿ ಸೌದಿಯ ತುಕಡಿ ಹಮಾಸಾ ಹಳ್ಳಿಗೆ ಬಂದು ಕೂತಿತು, 1955ರಲ್ಲಿ ಇದೇ ಲೆವೀಸ್ ಪಡೆ ಅವರನ್ನು ಹೊರಹಾಕಿತು. ನೆಲದಡಿ ಎಣ್ಣೆ ಇರಬಹುದೆಂಬ ಆಸೆ ಎಲ್ಲರಿಗೂ. ಹಾಗಾಗಿ ಆ ವರ್ಷಗಳಲ್ಲಿ ಕ್ಯಾಮೆರಾಗಳೂ ಜಾಸ್ತಿ ಬಂದವು.

ಮನೆಗಳೂ ಸುಳಿವು ಕೊಡುತ್ತವೆ. ಖರ್ಜೂರದ ಗರಿಯ ಅರೀಶ್ ಮನೆಗಳೇ ತುಂಬಿದ್ದರೆ ಹಳೆಯದು. ಅಬುಧಾಬಿಯಿಂದ ಎಣ್ಣೆ ಮೊದಲು ಹೊರಗೆ ಹೋದದ್ದು 1962ರಲ್ಲಿ, ಜಾಯೆದ್ ಆಡಳಿತಕ್ಕೆ ಬಂದದ್ದು 1966ರಲ್ಲಿ. ಸಾಲಾಗಿ ಸಿಮೆಂಟ್ ಮನೆ, ಡಾಂಬರು ರಸ್ತೆ, ಕರೆಂಟ್ ಕಂಬ ಇದ್ದರೆ ಹೆಚ್ಚಾಗಿ ಅದರ ನಂತರದ್ದು.

ಇನ್ನೊಂದು ವಿಷಯ. ಈಗ ಎಐನಲ್ಲಿ ಬಣ್ಣ ಹಾಕಿ ಹಂಚುವುದು ಜಾಸ್ತಿಯಾಗಿದೆ. ಥೆಸಿಗರ್ ಮರಳುಗಾಡಿನಲ್ಲಿ ತೆಗೆದದ್ದು ಕಪ್ಪು-ಬಿಳುಪು. ಅವು ಬಣ್ಣದಲ್ಲಿ ಬಂದರೆ ಯಾರೋ ಮೇಲೆ ಬಳಿದಿದ್ದಾರೆ ಅಂತಲೇ ಅರ್ಥ. ದಯವಿಟ್ಟು ಅಂಥವನ್ನು ಮಕ್ಕಳಿಗೆ ತೋರಿಸಬೇಡಿ. ಆ ಬಟ್ಟೆಯ ಬಣ್ಣ ಯಂತ್ರದ ಊಹೆ, ಮಕ್ಕಳು ಅದನ್ನೇ ನಿಜ ಅಂದುಕೊಳ್ಳುತ್ತಾರೆ.

ಕುಂದಾಪುರ ಟು ಅಲ್ ಐನ್

ತುಂಬಾ ಉಪಕಾರ ಆಯಿತು. ಫೋಟೋದಲ್ಲಿ ಬುರುಜು ಒಂಟಿಯಾಗಿಯೇ ಇದೆ, ಸುತ್ತ ಬರೀ ಮರಳು. ಇನ್ನೊಂದು ಕೇಳಲೇ? ವಿಮಾನದಿಂದ ತೆಗೆದ ಒಂದು ಹಳೇ ಫೋಟೋದಲ್ಲಿ ಖರ್ಜೂರ ತೋಟದ ಕಡೆಗೆ ಸಾಲಾಗಿ ಗುಂಡಿಗಳು ಕಾಣುತ್ತವೆ, ಪ್ರತಿ ಗುಂಡಿಯ ಸುತ್ತ ಮಣ್ಣಿನ ದಿಬ್ಬ. ಬಾಂಬ್ ಬಿದ್ದದ್ದು ಅಂತ ಯಾರೋ ಹೇಳಿದರು.

ಬೀದರ್ ನೌಬಾದ್

ಬಾಂಬ್ ಅಲ್ಲ ಅಣ್ಣಾ, ಅದು ಫಲಜ್! ಬೆಟ್ಟದ ಬುಡದ ಅಂತರ್ಜಲವನ್ನು ನೆಲದೊಳಗಿನ ಸುರಂಗದಲ್ಲಿ, ಬರೀ ಇಳಿಜಾರಿನ ಬಲದಿಂದ ತೋಟದವರೆಗೆ ತರುವ ವ್ಯವಸ್ಥೆ. ಆ ಗುಂಡಿಗಳು ಗಾಳಿ-ಬೆಳಕಿಗೆ ಮತ್ತು ಹೂಳು ಎತ್ತುವುದಕ್ಕೆ. ಎತ್ತಿದ ಮಣ್ಣನ್ನು ಬಾಯಿಯ ಸುತ್ತಲೇ ಸುರಿಯುತ್ತಾರೆ, ಮೇಲಿಂದ ಅದೇ ದಿಬ್ಬದ ಹಾಗೆ ಕಾಣುತ್ತದೆ. ನಮ್ಮ ಬೀದರಿನ ನೌಬಾದಿನಲ್ಲಿ ಇರುವುದೂ ಇದೇ ಕೆಲಸ. ಬಹಮನಿ ಕಾಲದ್ದು, ನಾವು ಕಾರೇಜ್ ಅನ್ನುತ್ತೇವೆ. ಊರಿಗೆ ಬಂದಾಗ ಮಕ್ಕಳನ್ನು ಕರೆದುಕೊಂಡು ಬನ್ನಿ, ಎರಡನ್ನೂ ನೋಡಿದ ಹಾಗಾಗುತ್ತದೆ.

ಅಲ್ ಐನ್ ಫೋಟೋಗಳಲ್ಲಿ ನಾನು ಮೊದಲು ಹುಡುಕುವುದೇ ಈ ಸಾಲು. ಕೋಟೆ ಎಷ್ಟೇ ಚೆನ್ನಾಗಿರಲಿ, ಊರು ಬದುಕಿದ್ದು ಇದರಿಂದ. ಶೇಖ್ ಜಾಯೆದ್ ಕೂಡ ಆಳುಗಳ ಜೊತೆ ಒಳಗೆ ಇಳಿದು ಫಲಜ್ ಕೆಲಸ ಮಾಡಿದ್ದರು ಅಂತ ಅಲ್ಲಿನವರು ಇವತ್ತೂ ಹೆಮ್ಮೆಯಿಂದ ಹೇಳುತ್ತಾರೆ. 2011ರಲ್ಲಿ ಯುನೆಸ್ಕೊ ಅಲ್ ಐನ್‌ನ ತಾಣಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದಾಗ ಹಫೀತ್, ಹೀಲಿಯ ಪುರಾತನ ಗೋರಿಗಳ ಜೊತೆ ಖರ್ಜೂರ ತೋಟಗಳೂ ಸೇರಿದವು.

ಹಳೇ ನೆಗೆಟಿವ್

ಎರಡು ಜಾಗ ಬಿಟ್ಟು ಹೋಗಿತ್ತು. ಅರೇಬಿಯನ್ ಗಲ್ಫ್ ಡಿಜಿಟಲ್ ಆರ್ಕೈವ್ ಮತ್ತು ಕತಾರ್ ಡಿಜಿಟಲ್ ಲೈಬ್ರರಿ, ಎರಡೂ ಆನ್‌ಲೈನ್, ಉಚಿತ. ಎರಡನೆಯದರಲ್ಲಿ ‘ಇಂಡಿಯಾ ಆಫೀಸ್’ (ಭಾರತದ ಆಡಳಿತ ನೋಡಿಕೊಳ್ಳುತ್ತಿದ್ದ ಲಂಡನ್ನಿನ ಇಲಾಖೆ) ಕಡತಗಳು ಇವೆ, ಯಾಕೆಂದರೆ 1947ರವರೆಗೆ ಕೊಲ್ಲಿಯ ಬ್ರಿಟಿಷ್ ವ್ಯವಹಾರ ನಡೆಯುತ್ತಿದ್ದದ್ದು ಭಾರತ ಸರ್ಕಾರದ ಮೂಲಕ. ಹುಡುಕುವಾಗ ‘ಅಲ್ ಐನ್’ ಬದಲು ‘ಬುರೈಮಿ’ ಅಂತ ಹಾಕಿ. ಹಳೇ ಕಡತಗಳಲ್ಲಿ ಆ ಇಡೀ ಹಸಿರು ತಾಣಕ್ಕೆ ಅದೇ ಹೆಸರು.

ಇನ್ನು ಇಲ್ಲಿರುವ ಮಂಗಳೂರು, ಉಡುಪಿ, ಭಟ್ಕಳ ಕಡೆಯವರಿಗೆಲ್ಲ ನನ್ನದೊಂದು ಕೋರಿಕೆ. 70ರ ದಶಕದಲ್ಲಿ ಗಲ್ಫಿಗೆ ಹೋದ ಮಾವ, ಚಿಕ್ಕಪ್ಪಂದಿರು ಊರಿಗೆ ಕಳಿಸಿದ ಫೋಟೋಗಳು ಟ್ರಂಕಿನಲ್ಲಿ ಇವೆಯಾ ನೋಡಿ. ಹಿಂದೆ ಕಟ್ಟುತ್ತಿರುವ ಬಿಲ್ಡಿಂಗು, ಅಂಗಡಿ ಬೋರ್ಡು, ರೂಮಿನ ಮಂಚ, ಇವನ್ನೆಲ್ಲ ಥೆಸಿಗರ್ ತೆಗೆದಿಲ್ಲ. ಆ ಹಿರಿಯರು ಬದುಕಿರುವಾಗಲೇ ಊರು, ವರ್ಷ, ಜೊತೆಗಿದ್ದವರ ಹೆಸರು ಕೇಳಿ ಫೋಟೋ ಹಿಂದೆ ಮೆತ್ತಗಿನ ಪೆನ್ಸಿಲಿನಲ್ಲಿ ಬರೆದಿಡಿ. ಬಾಲ್‌ಪೆನ್ ಬೇಡ, ಮುಂದಿನ ಮಗ್ಗುಲಲ್ಲಿ ಅಚ್ಚು ಮೂಡುತ್ತದೆ. ಸ್ಕ್ಯಾನ್ ಮಾಡುವಾಗ ಹಿಂದಿನ ಮಗ್ಗುಲನ್ನೂ ಮಾಡಿ. ಸ್ಟುಡಿಯೊದ ಮುದ್ರೆ ಎಷ್ಟೋ ಸಲ ಅಲ್ಲೇ ಇರುತ್ತದೆ.