ಕೈಯಿಂದ ಬಣ್ಣ ಹಾಕಿದ ಕೌದಿ: ಕೆಂಪು ಬಣ್ಣ ಬಿಳಿ ತುಂಡುಗಳಿಗೆ ಹತ್ತಿದೆ, ತೆಗೆಯುವುದು ಹೇಗೆ?

ಸೂಜಿಮಲ್ಲಿಗೆ:
ಎಲ್ಲರಿಗೂ ನಮಸ್ಕಾರ. ತಂಗಿಯ ಮಗುವಿನ ತೊಟ್ಟಿಲು ಕಾರ್ಯಕ್ಕೆ ಕೊಡೋಣ ಅಂತ ಒಂದು ಸಣ್ಣ ಕೌದಿ ಹೊಲಿದಿದ್ದೇನೆ. ಮೇಲ್ಪದರಕ್ಕೆ ನಾನೇ ಬಣ್ಣ ಹಾಕಿದ ಕೆಂಪು ಮತ್ತು ಸಾಸಿವೆ ಬಣ್ಣದ ಕಾಟನ್, ನಡುನಡುವೆ ಬಿಳಿ ತುಂಡುಗಳು. ಒಳಗೆ ಅಮ್ಮನ ಹಳೇ ಕಾಟನ್ ಸೀರೆ. ಎರಡು ಬಣ್ಣಕ್ಕೂ ರಿಯಾಕ್ಟಿವ್ ಡೈ, ಉಪ್ಪು, ಸೋಡಾ ಆ್ಯಶ್ (ಬಣ್ಣ ಹಿಡಿಯಲು ಹಾಕುವ ಕ್ಷಾರದ ಪುಡಿ) ಬಳಸಿದ್ದೆ. ತಣ್ಣೀರಲ್ಲಿ ಜಾಲಿಸಿ, ನೀರು ತಿಳಿಯಾದ ಮೇಲೇ ಒಣಗಿಸಿ ಹೊಲಿದದ್ದು. ಈಗ ಒಗೆಯಲು ಹಾಕಿದರೆ ಕೆಂಪಿನ ಪಕ್ಕದ ಬಿಳಿಯೆಲ್ಲ ಗುಲಾಬಿ ಆಗಿದೆ. ಹೊಲಿಗೆ ಗೆರೆಯ ಉದ್ದಕ್ಕೂ ಇನ್ನೂ ಜಾಸ್ತಿ. ಕೌದಿ ಇನ್ನೂ ಒದ್ದೆಯಾಗಿಯೇ ಇದೆ. ಏನು ಮಾಡಲಿ?

ಹಳೇಸೀರೆ:
ಒಂದು ಬಕೆಟ್ ನೀರಿಗೆ ಒಂದು ಹಿಡಿ ಕಲ್ಲುಪ್ಪು, ಸ್ವಲ್ಪ ವಿನಿಗರ್ ಹಾಕಿ ನೆನೆಸಿಡಿ. ಬಣ್ಣ ಗಟ್ಟಿಯಾಗುತ್ತದೆ. ನಮ್ಮನೇಲಿ ಹೊಸ ಸೀರೆಗೆಲ್ಲ ಹಾಗೇ ಮಾಡುವುದು.

ನೀಲಿಕೈ:
ದಯವಿಟ್ಟು ಉಪ್ಪು ಹಾಕಬೇಡಿ. ಒಣಗಿಸಲೂ ಬೇಡಿ. ಒದ್ದೆ ಇರುವಾಗಲೇ ಕೇಳಿದ್ದು ಒಳ್ಳೆಯದಾಯಿತು, ಈ ಕೌದಿ ಉಳಿಯುತ್ತದೆ.

ರಿಯಾಕ್ಟಿವ್ ಡೈ ಸೋಡಾ ಆ್ಯಶ್ ಜೊತೆ ಸೇರಿದಾಗ ಹತ್ತಿಯ ನಾರಿಗೆ ಗಟ್ಟಿಯಾಗಿ ಅಂಟುತ್ತದೆ. ಆ ಭಾಗ ಎಲ್ಲೂ ಹೋಗುವುದಿಲ್ಲ. ಆದರೆ ಒಂದಿಷ್ಟು ಡೈ ನಾರಿನ ಬದಲು ನೀರಿನ ಜೊತೆಗೇ ಕೂಡಿಬಿಡುತ್ತದೆ. ಅದಕ್ಕೆ ಮತ್ತೆ ಅಂಟುವ ಶಕ್ತಿ ಇಲ್ಲ, ಸುಮ್ನೆ ಬಟ್ಟೆಯೊಳಗೆ ಕೂತಿರುತ್ತದೆ. ತಣ್ಣೀರಿಗೆ ಅದು ಪೂರ್ತಿ ಹೊರಬರುವುದಿಲ್ಲ, ಅದಕ್ಕೇ ನೀರು ತಿಳಿಯಾಗಿ ಕಂಡದ್ದು. ನಿಮ್ಮ ಬಿಳಿಗೆ ಹತ್ತಿರುವುದು ಈ ಉಳಿದ ಡೈ. ಅದನ್ನು ಗಟ್ಟಿ ಮಾಡುವ ಮಾತೇ ಇಲ್ಲ, ತೊಳೆದು ಕಳಿಸಬೇಕು. ಉಪ್ಪು ಡೈಯನ್ನು ಬಟ್ಟೆ ಕಡೆಗೆ ತಳ್ಳುತ್ತದೆ. ಬಣ್ಣ ಹಾಕುವಾಗ ಅದು ಬೇಕು, ತೊಳೆಯುವಾಗ ಅದೇ ಅಡ್ಡಿ. ವಿನಿಗರ್‌ನಿಂದ ಹತ್ತಿಗೆ ಏನೂ ಉಪಯೋಗವಿಲ್ಲ.

ಈಗ ಹೀಗೆ ಮಾಡಿ. ಮೊದಲು ತಣ್ಣೀರಲ್ಲಿ ಜಾಲಿಸಿ. ಆಮೇಲೆ ಮನೆಯಲ್ಲಿರುವ ಅತಿ ದೊಡ್ಡ ಟಬ್ಬಿಗೆ ಸುಮಾರು 60 ಡಿಗ್ರಿ ಬಿಸಿನೀರು ತುಂಬಿ, ಬ್ಲೀಚ್ ಇಲ್ಲದ ಲಿಕ್ವಿಡ್ ಡಿಟರ್ಜೆಂಟ್ ಸ್ವಲ್ಪ ಹಾಕಿ, ಕೌದಿಯನ್ನು ಪೂರ್ತಿ ಮುಳುಗಿಸಿ. ನೀರು ಧಾರಾಳವಾಗಿರಲಿ. ಬಿಟ್ಟ ಬಣ್ಣ ಅಷ್ಟೂ ನೀರಿನಲ್ಲಿ ತೆಳುವಾಗಿ ಹರಡಿದರೆ ಮಾತ್ರ ಮತ್ತೆ ಬಟ್ಟೆಗೆ ಹತ್ತುವುದಿಲ್ಲ. ಒಂದು ಮೂಲೆಯೂ ಮೇಲೆ ತೇಲಬಾರದು. ತೇಲಿದ ಅಂಚು ಒಣಗುತ್ತಾ ಬಣ್ಣವನ್ನು ತನ್ನ ಕಡೆಗೆ ಎಳೆದುಕೊಂಡು ಅಲ್ಲೇ ಗೆರೆ ಕಟ್ಟುತ್ತದೆ. ಮೇಲೆ ಸ್ಟೀಲ್ ತಟ್ಟೆ ಬೋರಲು ಹಾಕಿ ಭಾರ ಇಡಿ. ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನೀರು ಬಣ್ಣವಾಗಿದ್ದರೆ ಚೆಲ್ಲಿ, ಹೊಸ ಬಿಸಿನೀರು. ಲೋಟದಲ್ಲಿ ಹಿಡಿದು ನೋಡಿದಾಗ ನೀರು ತಿಳಿಯಾಗಿ ಕಾಣುವವರೆಗೂ ಇದೇ ಕೆಲಸ.

ತೇಪೆಗಳಲ್ಲಿ ರೇಷ್ಮೆ ಇದೆಯಾ? ಇದ್ದರೆ ಇಷ್ಟು ಬಿಸಿ ಬೇಡ.

ಸೂಜಿಮಲ್ಲಿಗೆ:
ರೇಷ್ಮೆ ಇಲ್ಲ, ಎಲ್ಲಾ ಕಾಟನ್. ನಮ್ಮದು ಬೋರ್‌ವೆಲ್ ನೀರು, ತುಂಬಾ ಗಡಸು. ಪಾತ್ರೆ ಮೇಲೆಲ್ಲ ಬಿಳಿ ಕಲೆ ಕೂರುತ್ತದೆ. ತೊಂದರೆ ಆಗುತ್ತದಾ?

ನೀಲಿಕೈ:
ಆಗುತ್ತದೆ. ಗಡಸು ನೀರಿನಲ್ಲಿ ಉಳಿದ ಡೈ ಸುಲಭವಾಗಿ ಬಿಡುವುದಿಲ್ಲ. ಮಳೆನೀರು ಹಿಡಿದಿಟ್ಟಿದ್ದರೆ ಅದೇ ಒಳ್ಳೆಯದು. ಇಲ್ಲದಿದ್ದರೆ ನೀರನ್ನು ಚೆನ್ನಾಗಿ ಕುದಿಸಿ, ತಳದಲ್ಲಿ ಕೂತ ಸುಣ್ಣ ಬಿಟ್ಟು ಮೇಲಿನದನ್ನು ಬಳಸಿ. ಎಲ್ಲಾ ಗಡಸು ಹೋಗುವುದಿಲ್ಲ, ಆದರೂ ವ್ಯತ್ಯಾಸ ಕಾಣುತ್ತದೆ.

ಹಳೇಸೀರೆ:
ಅಂಗಡಿಯಲ್ಲಿ ಪುಡಿ ಪೊಟ್ಟಣ ಸಿಗುತ್ತದಲ್ಲ, ನೀರಲ್ಲಿ ಕುದಿಸಿ ಹಾಕುವ ಬಣ್ಣ, ಅದಕ್ಕೂ ಇದೇನಾ?

ನೀಲಿಕೈ:
ಆ ಪೊಟ್ಟಣಗಳಲ್ಲಿ ಸಾಮಾನ್ಯವಾಗಿ ಇರುವುದು ಡೈರೆಕ್ಟ್ ಡೈ. ಅದು ನಾರಿಗೆ ಅಷ್ಟು ಗಟ್ಟಿಯಾಗಿ ಅಂಟುವುದಿಲ್ಲ, ಪ್ರತಿ ಒಗೆತಕ್ಕೂ ಒಂದಿಷ್ಟು ಬಿಡುತ್ತಲೇ ಇರುತ್ತದೆ. ಅದಕ್ಕೆ ಬಣ್ಣ ಬಿಡದ ಹಾಗೆ ಹಿಡಿದಿಡುವ ಡೈ ಫಿಕ್ಸರ್ ಬೇಕು, ಅದೂ ಹೊಲಿಯುವ ಮುಂಚೆ. ಬಿಳಿ ಜೊತೆ ಸೇರಿಸುವ ಕೌದಿಗೆ ನಾನಂತೂ ಅದನ್ನು ಬಳಸಲ್ಲ. ಮಗುವಿನ ಕೌದಿಗೆ ಅರಿಶಿನದ ಬಣ್ಣವೂ ಬೇಡ ಅಂತೀನಿ. ನೋಡೋಕೆ ಚೆಂದ, ಆದರೆ ಸೋಪು ತಾಗಿದರೆ ಕೆಂಪಾಗುತ್ತದೆ, ಬಿಸಿಲಿಗೆ ಬೇಗ ಮಾಸುತ್ತದೆ.

ಸೂಜಿಮಲ್ಲಿಗೆ:
ನೀವು ಹೇಳಿದ ಹಾಗೇ ಮಾಡಿದೆ. ಮೊದಲ ನೀರು ದಾಳಿಂಬೆ ರಸದ ಹಾಗೆ ಬಂತು. ಈಗ ತಿಳಿಯಾಗಿದೆ. ಬಿಳಿ ಬಿಳಿಯಾಗಿದೆ, ಕೆಂಪು ಹಾಗೇ ಗಾಢವಾಗಿದೆ! ತುಂಬಾ ತುಂಬಾ ಧನ್ಯವಾದ. ಒಂದು ಮೂಲೆಯಲ್ಲಿ ಮಾತ್ರ ತಿಳಿ ಗುಲಾಬಿ ಉಳಿದಿದೆ. ಬಣ್ಣ ತೆಗೆಯುವ ಪುಡಿ ಇದೆಯಲ್ಲ, ಹೈಡ್ರೋ, ಅದು ಹಾಕಲಾ?

ನೀಲಿಕೈ:
ಬಹಳ ಖುಷಿಯಾಯಿತು. ಹೈಡ್ರೋ ಬೇಡವೇ ಬೇಡ, ಅದು ಕಲೆಯ ಜೊತೆ ನಿಮ್ಮ ಕೆಂಪನ್ನೂ ತಿನ್ನುತ್ತದೆ. ಆ ಮೂಲೆಯ ಮೇಲೆ ಒಂದು ತೇಪೆ ಹೊಲಿದುಬಿಡಿ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕೌದಿಯ ಮೂಲೆಗಳಿಗೆ ಮಡಚಿದ ತ್ರಿಕೋನದ ತುಂಡು ಇಟ್ಟು ಹೊಲಿಯುತ್ತಾರೆ, ಅದಿಲ್ಲದೆ ಅವರಿಗೆ ಕೌದಿ ಮುಗಿದ ಹಾಗೆ ಅಲ್ಲ. ಅದನ್ನೇ ನಾಲ್ಕೂ ಮೂಲೆಗೆ ಮಾಡಿ, ಕಲೆ ಮುಚ್ಚಿದ್ದು ಅಂತ ಯಾರಿಗೂ ಅನಿಸುವುದಿಲ್ಲ. ತುಂಡನ್ನು ಮೊದಲು ಬಿಸಿನೀರಲ್ಲಿ ಒಗೆದುಕೊಳ್ಳಿ. ಆಮೇಲೆ ಒದ್ದೆ ಮಾಡಿ, ಬಿಳಿ ಬಟ್ಟೆಯ ನಡುವೆ ಇಟ್ಟು, ಬಿಸಿ ಇಸ್ತ್ರಿ ಪೆಟ್ಟಿಗೆ ಒತ್ತಿ. ಬಿಳಿಗೆ ಏನೂ ಹತ್ತದಿದ್ದರೆ ಮಾತ್ರ ಹೊಲಿಯಿರಿ.

ಒಣಗಿಸುವಾಗ ಹಿಂಡಬೇಡಿ, ಮಡಿಕೆ ಬೀಳದ ಹಾಗೆ ನೆರಳಲ್ಲಿ ಹರಡಿ. ತಂಗಿಗೂ ಹೇಳಿಬಿಡಿ: ಮೊದಲ ಕೆಲವು ಸಲ ಬೇರೆ ಬಟ್ಟೆ ಜೊತೆ ಹಾಕದೆ ಒಗೆಯಲಿ, ಒದ್ದೆ ಕೌದಿಯನ್ನು ಬಕೆಟ್ಟಲ್ಲಿ ಮುದ್ದೆ ಮಾಡಿ ಬಿಡದಿರಲಿ.