ಮಗಳ ರೀಲಿನ ದಾರ ಕುಣಿಕೆ ಬೀಳುತ್ತಿದೆ, ತಲೆ ಕೆಟ್ಟಿದೆ

ಹಿನ್ನೀರಹಕ್ಕಿ (ಭಾನುವಾರ, ರಾತ್ರಿ 9.40)

ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಚಿತ್ರಾನ್ನ ಕಲಸಿ, ಒಂಬತ್ತು ವರ್ಷದ ಮಗಳನ್ನು ನಿದ್ದೆಗಣ್ಣಿನಲ್ಲೇ ಕಾರಿಗೆ ಹತ್ತಿಸಿಕೊಂಡು ಮೀನು ಹಿಡಿಯಲು ಹೇಮಾವತಿ ಹಿನ್ನೀರಿಗೆ ಹೋದೆ. ಶೆಟ್ಟಿಹಳ್ಳಿಯ ಪಾಳು ಚರ್ಚು ದೂರದಲ್ಲಿ ಕಾಣುವ ದಂಡೆ. ಒಂಬತ್ತರವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಮಗಳ ಗಾಳದ ರಾಡಿನ ರೀಲಿನಿಂದ ದಾರ ಕುಣಿಕೆ ಕುಣಿಕೆಯಾಗಿ ಉದುರತೊಡಗಿತು. ಎಸೆದರೆ ಹತ್ತು ಅಡಿ ಹೋಗುವುದರೊಳಗೆ ಗುಬ್ಬಿಗೂಡಿನಂಥ ಸಿಕ್ಕು. ಬಿಡಿಸಿದೆ, ಎಸೆದೆ, ಮತ್ತೆ ಸಿಕ್ಕು. ನಾಲ್ಕು ಸಲ ಕತ್ತರಿಸಿ ಬಿಸಾಡಿದೆ. ಹನ್ನೊಂದರ ಹೊತ್ತಿಗೆ ಅವಳು ಚಪ್ಪಲಿ ಕಳಚಿ ಕೆಸರಿನಲ್ಲಿ ಚಿಪ್ಪು ಆರಿಸುತ್ತ ಕುಳಿತಳು. ನಾನು ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು ಗಂಟು ಬಿಡಿಸುತ್ತ ಕುಳಿತೆ. ರೀಲೂ ಹೊಸದು, ದಾರವೂ ಹೊಸದು. ಇದಕ್ಕೇನು ಮದ್ದು?

ಬೆಂಡುಗಾರ (ರಾತ್ರಿ 9.58)

ಹೊಸದು ಎಂದರೆ ನಮಗೇನು ಗೊತ್ತಾಗಬೇಕು? ಯಾವ ಅಳತೆಯ ರೀಲು, ಎಷ್ಟು ದಪ್ಪದ ದಾರ, ಏನು ಕಟ್ಟಿದ್ದಿರಿ, ಒಂದನ್ನೂ ಬರೆದಿಲ್ಲ. ಇರಲಿ, ರೋಗ ನನಗೆ ಗೊತ್ತು. ಸ್ಪೂಲಿಗೆ, ಅಂದರೆ ರೀಲಿನಲ್ಲಿ ದಾರ ಸುತ್ತಿರುವ ಉರುಳೆಗೆ, ದಾರ ಹೆಚ್ಚಾಗಿದೆ. ಅಂಚಿನಿಂದ ಎರಡು ಮಿಲಿಮೀಟರ್ ಕೆಳಗೇ ದಾರ ನಿಲ್ಲಬೇಕು. ಅಂಗಡಿಯವರು ಧಾರಾಳವಾಗಿ ಸುತ್ತಿ ಕೊಡುತ್ತಾರೆ, ನಾವು ಖುಷಿಯಾಗಿ ತರುತ್ತೇವೆ. ಹತ್ತು ಮೀಟರ್ ತೆಗೆದುಹಾಕಿ ನೋಡಿ ಅಣ್ಣ.

ಕೆರೆಕೋಡಿ (ರಾತ್ರಿ 10.05)

ನಾಲ್ಕು ಸಲ ಕತ್ತರಿಸಿ ಎಲ್ಲಿ ಬಿಸಾಡಿದಿರಿ? ದಂಡೆಯ ಮೇಲೆಯೇ? ಕಾಲಿಗೆ ನೈಲಾನು ಸುತ್ತಿಕೊಂಡು ಕುಂಟುವ ಬೆಳ್ಳಕ್ಕಿಯನ್ನು ನೋಡಿದ್ದೇನೆ. ನಿಮ್ಮ ಹೆಸರಿನಲ್ಲೇ ಹಕ್ಕಿ ಇದೆ, ಸ್ವಲ್ಪ ಯೋಚಿಸಿ.

ಹಿನ್ನೀರಹಕ್ಕಿ (ರಾತ್ರಿ 10.20)

ಮೊದಲನೆಯದಾಗಿ, ಅಣ್ಣನಲ್ಲ, ಅಕ್ಕ. ಎರಡನೆಯದಾಗಿ, ಕತ್ತರಿಸಿದ ದಾರವೆಲ್ಲ ಚಿತ್ರಾನ್ನದ ಡಬ್ಬಿಯಲ್ಲಿ ತುಂಬಿ ಮನೆಗೆ ಬಂದಿದೆ. ರೀಲು 2000ದ ಅಳತೆ, ದಾರ 0.28 ಮಿಲಿಮೀಟರ್ ದಪ್ಪದ ನೈಲಾನು, ಬೆಂಡು, ಪುಟ್ಟ ಸೀಸ, ರಾಗಿ ಮುದ್ದೆ. ಇನ್ನು ಬೆಂಡುಗಾರರಿಗೆ: ನಾಲ್ಕು ಸಲ ಕತ್ತರಿಸಿದ ಮೇಲೆ ಸ್ಪೂಲಿನಲ್ಲಿ ಮುಕ್ಕಾಲು ಭಾಗವೇ ಉಳಿದಿದೆ. ತುಂಬಿ ತುಳುಕುವುದು ಎಲ್ಲಿಂದ ಬಂತು?

ಬೆಂಡುಗಾರ (ರಾತ್ರಿ 10.26)

ಕ್ಷಮಿಸಿ ಅಕ್ಕ. ಆದರೆ ಸಿಕ್ಕು ಮೊದಲು ಶುರುವಾದಾಗ ತುಂಬಿಯೇ ಇತ್ತಲ್ಲ? ಆಗಲೇ ದಾರ ಕೆಟ್ಟಿದೆ. ಸ್ಪೂಲನ್ನು ಪಕ್ಕದಿಂದ ತೆಗೆದ ಒಂದು ಚಿತ್ರ ಹಾಕಿ.

ತುಂಗಾತೀರ (ರಾತ್ರಿ 10.41)

ಈ ಕಾಲದಲ್ಲಿ ಯಾರು ನೈಲಾನು ಹಾಕುತ್ತಾರೆ? ಬ್ರೇಡ್, ಅಂದರೆ ಹೆಣೆದ ದಾರ ಹಾಕಿ, ನೆಮ್ಮದಿಯಾಗಿರಿ. ನಾನು ಭದ್ರಾ ಹಿನ್ನೀರಿನಲ್ಲಿ ಮೂರು ರಾಡು ಸಾಲಾಗಿ ಊರುತ್ತೇನೆ. ಮೂರಕ್ಕೂ ಬ್ರೇಡ್, ಮೂರಕ್ಕೂ ಮೀನು ಕಚ್ಚಿದರೆ ಕೂಗುವ ಗಂಟೆ. ಹೋದ ವರ್ಷ 11 ಕಿಲೋ ಕಾಟ್ಲಾ ಎಳೆದೆ. ಎರೆ ಅಪ್ಪಟ ಕಡಲೆ ಹಿಂಡಿ. ರಾಗಿ ಮುದ್ದೆಗೆ ಸೊಪ್ಪುಸಾರು ಇದ್ದರೆ ನಾವು ಬರುತ್ತೇವೆ, ಮೀನು ಬರುವುದಿಲ್ಲ.

ಕೆರೆಕೋಡಿ (ರಾತ್ರಿ 10.50)

ಒಂಬತ್ತು ವರ್ಷದ ಮಗುವಿನ ಕೈಗೆ ಬ್ರೇಡ್ ಕೊಡುವುದೇ? ಸಿಕ್ಕಿಕೊಂಡಾಗ ಬೆರಳಿಗೆ ಸುತ್ತಿ ಎಳೆದರೆ ಚರ್ಮ ಸೀಳುತ್ತದೆ. ರಾಗಿ ಮುದ್ದೆಗೆ ಗೆಂಡೆಯೂ ಬರುತ್ತದೆ, ಜಿಲೇಬಿ ಮೀನೂ ಬರುತ್ತದೆ. ಒಂದಿಷ್ಟು ಹತ್ತಿ ಬೆರೆಸಿ ನಾದಿದರೆ ಗಾಳದಿಂದ ಕಳಚುವುದಿಲ್ಲ. ಹಿಂಡಿ ಒಂದೇ ಎರೆ ಎನ್ನುವವರು ಹಿಂಡಿ ಮಾರುವವರೇ ಇರಬೇಕು.

ತುಂಗಾತೀರ (ರಾತ್ರಿ 10.53)

ಜಿಲೇಬಿ ಹಿಡಿಯುವವರ ಜೊತೆ ನನಗೆ ವಾದವಿಲ್ಲ.

ನಾಲೆಬದು (ಸೋಮವಾರ, ಬೆಳಿಗ್ಗೆ 6.15)

ಹಿಂಡಿ, ಮುದ್ದೆ ಎಲ್ಲ ಆಮೇಲೆ ತಿನ್ನೋಣ. ಅಕ್ಕ, ಒಂಬತ್ತರವರೆಗೆ ಸರಿಯಿದ್ದ ದಾರ ಒಂಬತ್ತಕ್ಕೆ ಏಕೆ ಕೆಟ್ಟಿತು? ಅದಕ್ಕೆ ಸ್ವಲ್ಪ ಮುಂಚೆ ನಡೆದದ್ದನ್ನು ಬಿಡದೆ ಬರೆಯಿರಿ. ಸ್ಪೂಲಿನ ನೆತ್ತಿಯ ಮೇಲಿರುವ ಡ್ರ್ಯಾಗ್ ತಿರುಪು, ಎಷ್ಟು ಎಳೆತಕ್ಕೆ ಸ್ಪೂಲ್ ಜಾರಿ ದಾರ ಬಿಡಬೇಕು ಎಂದು ಹೊಂದಿಸುವುದು, ಎಷ್ಟು ಬಿಗಿಯಿತ್ತು?

ಹಿನ್ನೀರಹಕ್ಕಿ (ಬೆಳಿಗ್ಗೆ 7.30)

ವಿಶೇಷವೇನೂ ನಡೆದಿಲ್ಲ. ಗಾಳ ಒಮ್ಮೆ ಬೊಡ್ಡೆಗೆ ಸಿಕ್ಕಿಕೊಂಡಿತ್ತು, ಅಷ್ಟೆ. ಅಲ್ಲಿ ಮುಳುಗಿದ ಊರುಗಳ ತೋಟದ ಬೊಡ್ಡೆಗಳಿವೆ, ನೀರು ಇಳಿದಾಗ ತಲೆ ಹಾಕುತ್ತವೆ, ಎಲ್ಲರಿಗೂ ಗೊತ್ತಿರುವುದೇ. ಡ್ರ್ಯಾಗ್ ಪೂರ್ತಿ ಸಡಿಲ ಬಿಟ್ಟಿದ್ದೆ. ದೊಡ್ಡ ಮೀನು ಕಚ್ಚಿದರೆ ಮಗು ರಾಡಿನ ಜೊತೆಗೇ ನೀರಿಗೆ ಹೋಗಬಾರದಲ್ಲ? ಬೊಡ್ಡೆಗೆ ಸಿಕ್ಕಿಕೊಂಡಾಗ ನಾನು ಫ್ಲಾಸ್ಕಿನಿಂದ ಕಾಫಿ ಬಗ್ಗಿಸುತ್ತಿದ್ದೆ. ಅವಳು ಮೀನೇ ಎಂದುಕೊಂಡು ಹಿಡಿಕೆಯನ್ನು ತಿರುಗಿಸಿದಳು, ತಿರುಗಿಸಿದಳು, ಎರಡು ಮೂರು ನಿಮಿಷ ನಿಲ್ಲಿಸಲೇ ಇಲ್ಲ. ರೀಲು ಕರ್ರ್ ಕರ್ರ್ ಎನ್ನುತ್ತಿತ್ತು. «ಅಮ್ಮಾ, ಮೀನು ಹಾಡುತ್ತಿದೆ» ಎಂದು ಕುಣಿದಳು. ನಾನೂ ಒಳ್ಳೆಯದು, ಎಳೆ ಎಂದೆ. ಆಮೇಲೂ ಸೀಸವನ್ನು ಎಳೆಯುವಾಗೆಲ್ಲ ಆ ಸದ್ದು ಬರಲೆಂದೇ ಜೋರಾಗಿ ತಿರುಗಿಸುತ್ತಿದ್ದಳು. ಇದಕ್ಕೂ ಸಿಕ್ಕಿಗೂ ಏನು ಸಂಬಂಧ?

ನಾಲೆಬದು (ಬೆಳಿಗ್ಗೆ 7.52)

ಸಂಬಂಧ ಪೂರ್ತಿ ಅದೇ.

ತೆಂಗಿನ ನಾರಿನ ಹಗ್ಗ ಹೊಸೆಯುವುದನ್ನು ನೋಡಿದ್ದೀರಲ್ಲ? ಹುರಿ ಮಿತಿ ಮೀರಿದರೆ, ಕೈ ಸಡಿಲಿಸಿದ ಕೂಡಲೇ ಹಗ್ಗ ತನ್ನ ಮೇಲೇ ಸುತ್ತಿಕೊಂಡು ಗೊಣಸು ಬೀಳುತ್ತದೆ. ನಿಮ್ಮ ದಾರಕ್ಕೂ ಹಾಗೆಯೇ ಹುರಿ ಏರಿದೆ. ಈ ಜಾತಿಯ ರೀಲಿನಲ್ಲಿ ಹಿಡಿಕೆ ತಿರುಗಿಸಿದರೆ ಸ್ಪೂಲ್ ಸುತ್ತುವುದಿಲ್ಲ, ರೋಟರ್ ಎಂಬ ಹೊರಭಾಗ ಅದರ ಸುತ್ತ ತಿರುಗಿ ದಾರವನ್ನು ಹೊದಿಸುತ್ತದೆ. ಡ್ರ್ಯಾಗ್ ಸಡಿಲವಿದ್ದು ಆಚೆ ತುದಿ ಅಲುಗದಿದ್ದರೆ, ರೋಟರ್ ಹೊದಿಸಿದಷ್ಟನ್ನೂ ಸ್ಪೂಲ್ ಜಾರಿ ಬಿಟ್ಟುಕೊಡುತ್ತದೆ. ದಾರ ಒಂದಿಂಚೂ ಒಳಗೆ ಬರುವುದಿಲ್ಲ, ಆದರೆ ರೋಟರಿನ ಒಂದೊಂದು ಸುತ್ತಿಗೂ ಒಂದೊಂದು ಹುರಿ ಏರುತ್ತದೆ. ನಿಮ್ಮ ರೀಲಿನ ಮೇಲೆ 5.2:1 ಎಂದೋ ಅದರ ಆಸುಪಾಸೋ ಬರೆದಿರುತ್ತದೆ. ಹಿಡಿಕೆಯ ಒಂದು ಸುತ್ತಿಗೆ ರೋಟರಿನದು 5.2 ಸುತ್ತು. ಸೆಕೆಂಡಿಗೊಂದು ಸುತ್ತಿನಂತೆ ಮೂರು ನಿಮಿಷ ಎಂದರೆ 180 ಸುತ್ತು, 936 ಹುರಿ. ನಿಮ್ಮ ಮಗಳು ಕಾಫಿ ಮುಗಿಯುವುದರೊಳಗೆ ಹಗ್ಗವನ್ನೇ ಹೊಸೆದಿದ್ದಾಳೆ.

ಬೆಂಡುಗಾರ (ಬೆಳಿಗ್ಗೆ 8.10)

ಇದು ಸರಿಯಿರಬಹುದು. ಆದರೂ ಸ್ಪೂಲ್ ತುಂಬಿದ್ದರಿಂದಲೇ ಹುರಿ ಹೊರಗೆ ಕಂಡಿತು. ಚಿತ್ರ ಹಾಕಿ.

ಹಿನ್ನೀರಹಕ್ಕಿ (ಬೆಳಿಗ್ಗೆ 8.14)

«ಒಳ್ಳೆಯದು, ಎಳೆ» ಎಂದವಳು ನಾನೇ. ಮನೆಗೆ ಬರುವಾಗ ದಾರಿಯುದ್ದಕ್ಕೂ ಅಂಗಡಿಯವನನ್ನು ಬೈದಿದ್ದೆ. ಈಗ ದಾರವನ್ನು ಎಸೆಯಬೇಕೇ?

ನಾಲೆಬದು (ಬೆಳಿಗ್ಗೆ 8.31)

ಬೇಡ. ಬೆಂಡು, ಸೀಸ, ಗಾಳ ಎಲ್ಲ ಕಳಚಿ. ನಾಲೆಯಲ್ಲಿ ನೀರು ಹರಿಯುತ್ತಿದ್ದರೆ ಬರಿಯ ದಾರವನ್ನು ಐವತ್ತು ಮೀಟರ್ ಬಿಟ್ಟು ಐದು ನಿಮಿಷ ಸುಮ್ಮನೆ ನಿಲ್ಲಿ. ತುದಿ ಬಿಡಿಯಾಗಿರುವುದರಿಂದ ಹುರಿ ತಾನೇ ಬಿಚ್ಚಿಕೊಳ್ಳುತ್ತದೆ. ನಾಲೆಯ ಏರಿ ಜಾರುತ್ತದೆ, ಮಗುವನ್ನು ಕರೆದೊಯ್ಯಬೇಡಿ. ನೀರಿಲ್ಲದಿದ್ದರೆ ಹುಲ್ಲಿನ ಬಯಲಿನಲ್ಲಿ ದಾರ ಎಳೆದುಕೊಂಡು ನಡೆದರೂ ಆಗುತ್ತದೆ. ವಾಪಸು ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿ.

ಡ್ರ್ಯಾಗ್ ಹೊಂದಿಸಲು ಒಂದು ಲೀಟರ್ ನೀರು ತುಂಬಿದ ಬಾಟಲಿ ಸಾಕು. ದಾರದ ತುದಿಗೆ ಕಟ್ಟಿ, ರಾಡಿನ ತೂತುಗಳ ಗೊಡವೆ ಬೇಡ, ರೀಲಿನಿಂದ ನೇರವಾಗಿ ಎತ್ತಿ. ಬಾಟಲಿ ನೆಲ ಬಿಟ್ಟು ಎದ್ದು, ಒಂದು ಜಗ್ಗು ಕೊಟ್ಟರೆ ಮಾತ್ರ ಕರ್ರ್ ಎಂದು ಜಾರಬೇಕು. ನಾಲ್ಕೈದು ಕಿಲೋ ತಡೆಯುವ ದಾರಕ್ಕೆ ಅಷ್ಟೇ ಹದ. ಒಂದು ಕಿಲೋ ಎಳೆತಕ್ಕೆ ಮಗು ನೀರಿಗೆ ಬೀಳುವುದಿಲ್ಲ. ಆದರೂ ಲೈಫ್ ಜಾಕೆಟ್ ಹಾಕಿಸಿ. ಮುಖ್ಯವಾಗಿ ಅವಳಿಗೆ ಹೇಳಿ: ರೀಲು ಹಾಡುವಾಗ ಕೈ ನಿಲ್ಲಬೇಕು. ಹಾಡು ನಿಂತ ಮೇಲೆ ತಿರುಗಿಸಬೇಕು.

ತುಂಗಾತೀರ (ಬೆಳಿಗ್ಗೆ 9.02)

ನನ್ನ ಮೂರೂ ರೀಲುಗಳ ಡ್ರ್ಯಾಗ್ ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿ ಹೊಂದಿಸಿದ್ದು. ಬಾಟಲಿಯೆಲ್ಲ ನಾಲ್ಕನೆಯ ತರಗತಿಯ ಲೆಕ್ಕ.

ಕೆರೆಕೋಡಿ (ಬೆಳಿಗ್ಗೆ 9.05)

ಮಗು ನಾಲ್ಕನೆಯ ತರಗತಿಯೇ ಇರಬೇಕು ಸ್ವಾಮಿ.

ಹಿನ್ನೀರಹಕ್ಕಿ (ಮುಂದಿನ ಭಾನುವಾರ, ಸಂಜೆ 7.10)

ನಾಲೆ ಒಣಗಿತ್ತು. ಮನೆ ಹಿಂದಿನ ಬಯಲಿನಲ್ಲಿ ದಾರ ಎಳೆದುಕೊಂಡು ಮೂರು ಸುತ್ತು ನಡೆದೆ. ಮೇಯುತ್ತಿದ್ದ ಎಮ್ಮೆ ತಲೆಯೆತ್ತಿ ನೋಡಿತು. ಕೊನೆಯ ಸುತ್ತಿನಲ್ಲಿ ದಾರದ ತುದಿ ಹುಲ್ಲಿನ ಮೇಲೆ ತಾನಾಗಿ ಹೊರಳುವುದು ಕಣ್ಣಿಗೆ ಕಂಡಿತು, ಸಣ್ಣ ಹುಳು ಮಗ್ಗುಲು ಬದಲಿಸಿದ ಹಾಗೆ. ಬಾಟಲಿಯ ಪರೀಕ್ಷೆಯನ್ನು ಮಗಳೇ ಮಾಡಿದಳು. ಈಗ ದಿನವೂ ಸಂಜೆ ಬಾಟಲಿ ಎತ್ತಿ ಹಾಡಿಸುವುದೇ ಅವಳ ಕೆಲಸ, ಅಡುಗೆಮನೆಯಲ್ಲಿ ಕಾಲಿಡಲು ಜಾಗವಿಲ್ಲ.

ಇವತ್ತು ಅದೇ ದಂಡೆಗೆ ಹೋಗಿದ್ದೆವು. ಒಂದೂ ಸಿಕ್ಕು ಬೀಳಲಿಲ್ಲ. ಎರಡು ಜಿಲೇಬಿ, ಎರಡೂ ಅವಳಿಗೆ, ಎರಡೂ ಹತ್ತಿ ಬೆರೆಸಿದ ರಾಗಿ ಮುದ್ದೆಗೆ. ಮತ್ತೆ ಬೊಡ್ಡೆಗೆ ಸಿಕ್ಕಿಕೊಂಡದ್ದು ನನ್ನ ಗಾಳ. ನಾನು ತಿರುಗಿಸತೊಡಗಿದ ಕೂಡಲೇ «ಅಮ್ಮಾ, ಕೈ ನಿಲ್ಲಿಸು» ಎಂದು ಕೂಗಿದಳು, ಆಚೆ ದಡದವರೂ ತಿರುಗಿ ನೋಡಿದರು.

ತುಂಗಾತೀರ (ಸಂಜೆ 7.35)

ಒಂದು ಗಂಟೆ ಮಾರಾಟಕ್ಕಿದೆ, ಬೇಕಾದವರು ತಿಳಿಸಿ. ಹತ್ತಿ ಎಷ್ಟು ಬೆರೆಸಿದಿರಿ ಎಂಬುದನ್ನೂ ಹೇಳಿ, ಸುಮ್ಮನೆ ಕೇಳಿದೆ.

ಬೆಂಡುಗಾರ (ಸಂಜೆ 7.48)

ಸಂತೋಷ ಅಕ್ಕ. ಸ್ಪೂಲಿನ ಚಿತ್ರ ಮಾತ್ರ ಇನ್ನೂ ಬಂದಿಲ್ಲ.