ಲಾಕ್ ಪ್ಲೇಟ್ ಗಟ್ಟಿಯಾಗಿದೆ, ಆದರೆ ಬಣ್ಣ ಬಂದಿಲ್ಲ, ಬರೀ ಬೂದು. ಒಂದು ಪ್ಲೇಟ್ ಬಾಗಿಯೂ ಇದೆ

ಹಳೆಅರ:
ಎಲ್.ಸಿ. ಸ್ಮಿತ್ ಡಬಲ್ ಬ್ಯಾರೆಲ್ ಶಾಟ್‌ಗನ್ನಿನ ಎರಡು ಲಾಕ್ ಪ್ಲೇಟ್ (ಗುಂಡು ಹಾರಿಸುವ ಭಾಗಗಳು ಕೂರುವ ಪಕ್ಕದ ಲೋಹದ ತಗಡುಗಳು), ನ್ಯೂಯಾರ್ಕ್ ರಾಜ್ಯದ ಫುಲ್ಟನ್‌ನಲ್ಲಿ ಹಂಟರ್ ಆರ್ಮ್ಸ್ ಮಾಡಿದ್ದು. ಮೂಲ ಬಣ್ಣ ಪೂರ್ತಿ ಸವೆದಿತ್ತು. ಮೇಲ್ಮೈ ಗಟ್ಟಿಮಾಡಿ ಮತ್ತೆ ಬಣ್ಣದ ಮಚ್ಚೆ ಬರಿಸಲು (ಕಲರ್ ಕೇಸ್ ಹಾರ್ಡನಿಂಗ್) 600 ನಂಬರ್ ಎಮೆರಿವರೆಗೆ ಉಜ್ಜಿ, ಕಟ್ಟಿಗೆ ಇದ್ದಿಲು ಮತ್ತು ಮೂಳೆ ಇದ್ದಿಲು ಸಮಸಮ ಸೇರಿಸಿ, ಎಂಎಸ್ (ಮೈಲ್ಡ್ ಸ್ಟೀಲ್, ಸಾಮಾನ್ಯ ಮೆದು ಉಕ್ಕು) ಡಬ್ಬದಲ್ಲಿ ತುಂಬಿ, ಎಲೆಕ್ಟ್ರಿಕ್ ಫರ್ನೇಸಿನಲ್ಲಿ 850 ಡಿಗ್ರಿಯಲ್ಲಿ 2 ಗಂಟೆ ಇಟ್ಟೆ. ಮುಚ್ಚಳ ತೆಗೆದು, ಇಕ್ಕಳದಲ್ಲಿ ಪ್ಲೇಟ್ ಹಿಡಿದು ಬಕೆಟ್ ನೀರಿಗೆ ಹಾಕಿದ್ದು. ಅರ ಹಾಕಿದರೆ ಜಾರುತ್ತದೆ. ಆದರೆ ಅಂಚಿನಲ್ಲಿ ಸ್ವಲ್ಪ ನೀಲಿ ಬಿಟ್ಟರೆ ಎಲ್ಲಾ ಬೂದು. ಒಂದು ಪ್ಲೇಟ್ ನಡುವೆ ಅರ್ಧ ಮಿ.ಮೀ. ಬಾಗಿದೆ. ಎಲ್ಲಿ ತಪ್ಪಿದೆ?

ಕುಲುಮೆಮನೆ:
ಅರ ಜಾರುತ್ತಿದೆ ಅಂದರೆ ಇಂಗಾಲ ಒಳಗೆ ಹೋಗಿದೆ, ಗಟ್ಟಿಯೂ ಆಗಿದೆ. ಆ ಭಾಗ ಸರಿಯಿದೆ. ಬಣ್ಣದ ಲೆಕ್ಕ ಬೇರೆ. ಅದು ಮೇಲ್ಮೈ ಮೇಲಿನ ಅತಿ ತೆಳುವಾದ ಆಕ್ಸೈಡ್ ಪದರ. ಇದ್ದಿಲಿನಿಂದ ನೀರಿಗೆ ಹೋಗುವ ಆ ಒಂದು ಕ್ಷಣದಲ್ಲೇ ಅದರ ಹಣೆಬರಹ ತೀರ್ಮಾನವಾಗುತ್ತದೆ. ಕೆಂಪಗೆ ಕಾದ ಪ್ಲೇಟ್ ಗಾಳಿ ಮುಟ್ಟಿದ ಕೂಡಲೇ ಆಕ್ಸೈಡ್ ದಪ್ಪವಾಗಿ ಬೂದು ತಿರುಗುತ್ತದೆ. ಇಕ್ಕಳ ಬಳಸಿದ್ದೇ ದೊಡ್ಡ ಕಾರಣ.

ಡಬ್ಬವನ್ನೇ ನೀರಿನ ಮಟ್ಟಕ್ಕೆ ಒಂದಿಂಚು ಹತ್ತಿರ ತಂದು, ಮುಚ್ಚಳ ಸರಿಸಿ ತಲೆಕೆಳಗು ಮಾಡಿ. ಇದ್ದಿಲು, ಪ್ಲೇಟ್ ಎಲ್ಲಾ ಒಟ್ಟಿಗೇ ಬೀಳಬೇಕು. ಡಬ್ಬಕ್ಕೆ ಉದ್ದನೆಯ ಹಿಡಿ ವೆಲ್ಡ್ ಮಾಡಿಸಿ. ಮುಖಕ್ಕೆ ಫೇಸ್ ಶೀಲ್ಡ್, ಕೈಗೆ ಚರ್ಮದ ಗ್ಲೌಸ್, ಮೈಗೆ ಹತ್ತಿಬಟ್ಟೆ ಕಡ್ಡಾಯ. ಬಿಸಿ ಹಬೆ ಮತ್ತು ಕೆಂಡ ಮೇಲಕ್ಕೆ ಚಿಮ್ಮುತ್ತವೆ. ಬಕೆಟ್ ಸಾಲದು. ಎರಡು ಅಡಿ ಆಳದ ಟ್ಯಾಂಕ್ ಬೇಕು, ಮಧ್ಯದಲ್ಲಿ ತಂತಿ ಬುಟ್ಟಿ ಇಳಿಬಿಡಿ. ತಳದಲ್ಲಿ ತೂತು ಕೊರೆದ ಪೈಪ್ ಇಟ್ಟು ಕಂಪ್ರೆಸರ್ ಗಾಳಿ ಬಿಡಿ. ನೀರಿನಲ್ಲಿ ಗುಳ್ಳೆಗಳು ಮುಟ್ಟುವ, ಮುಟ್ಟದ ಜಾಗಗಳ ವ್ಯತ್ಯಾಸದಿಂದಲೇ ನೀಲಿ, ಹಳದಿ, ಕಂದು ಮಚ್ಚೆಗಳು ಮೂಡುತ್ತವೆ. ನೀರು ತಣ್ಣಗಿರಲಿ, ಮಳೆನೀರೋ ಡಿಸ್ಟಿಲ್ಡ್ ನೀರೋ ಆದರೆ ಒಳ್ಳೆಯದು. ಗಡುಸು ನೀರು ಕಲೆ ಬಿಡುತ್ತದೆ.

ಉಕ್ಕಿನಕಸುಬು:
ಮೇಲಿನದಕ್ಕೆ ಸೇರಿಸುವುದು: 850 ತೀರಾ ಜಾಸ್ತಿ. ಬಣ್ಣ ತೊಳೆದುಹೋಗಲೂ, ಬಾಗಲೂ ಅದೂ ಒಂದು ಕಾರಣ. 780–790ರಲ್ಲಿ ಒಂದೂವರೆ ಗಂಟೆ ಇಡಿ. ನಂತರ ಫರ್ನೇಸಿನ ಬಿಸಿ ಇಳಿಸಿ 735ರ ಸುತ್ತ 20 ನಿಮಿಷ ನಿಲ್ಲಿಸಿ, ಆಮೇಲೆ ಬೀಳಿಸಿ. ಥರ್ಮೋಕಪಲ್ (ಬಿಸಿ ಅಳೆಯುವ ತಂತಿ) ಡಬ್ಬದ ಪಕ್ಕದಲ್ಲಿರಲಿ. ಫರ್ನೇಸ್ ತೋರಿಸುವ ಅಂಕಿಗೂ ಡಬ್ಬದ ಒಳಗಿನ ಬಿಸಿಗೂ ಬಹಳ ವ್ಯತ್ಯಾಸ ಇರುತ್ತದೆ.

ಬಾಗುವುದಕ್ಕೆ ಔಷಧ ಬ್ಲಾಕ್. ತೆಳು ಪ್ಲೇಟ್ ಆಸರೆಯಿಲ್ಲದೆ ನೀರಿಗೆ ಬಿದ್ದರೆ ಮೊದಲು ಮುಟ್ಟಿದ ಬದಿ ಮೊದಲು ಕುಗ್ಗುತ್ತದೆ. ಒಳಮೈಗೆ 6 ಮಿ.ಮೀ. ದಪ್ಪದ ಎಂಎಸ್ ತುಂಡನ್ನು ಪ್ಲೇಟಿನ ತೂತುಗಳ ಮೂಲಕ ಬೋಲ್ಟ್ ಹಾಕಿ ಬಿಗಿಯಿರಿ. ಥ್ರೆಡ್ ಇರುವ ತೂತುಗಳಲ್ಲಿ ಹಳೆಯ ಸ್ಕ್ರೂ ತಿರುಗಿಸಿಬಿಡಿ, ಇಲ್ಲದಿದ್ದರೆ ಥ್ರೆಡ್ ಗಟ್ಟಿಯಾಗಿ ಮುರಿಯುತ್ತದೆ.

ಇದ್ದಿಲಿನ ತೇವವೂ ಬೂದು ತರುತ್ತದೆ. ಓವನ್‌ನಲ್ಲಿ 120 ಡಿಗ್ರಿಯಲ್ಲಿ ಒಣಗಿಸಿ, ಅಕ್ಕಿ ನುಚ್ಚಿನ ಗಾತ್ರಕ್ಕೆ ಪುಡಿಮಾಡಿ. ಪ್ಲೇಟನ್ನು ಎಸಿಟೋನ್‌ನಲ್ಲಿ ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ, ಬೆರಳಚ್ಚು ಹಾಗೇ ಉಳಿಯುತ್ತದೆ.

ಹಳೆಅರ:
ಧನ್ಯವಾದ ಇಬ್ಬರಿಗೂ. ಬಾಗಿದ್ದನ್ನು ಸರಿಮಾಡುವುದು ಹೇಗೆ? ನೀರಿಗೆ ಪೊಟ್ಯಾಸಿಯಂ ನೈಟ್ರೇಟ್ ಹಾಕುತ್ತಾರಂತೆ, ಬೇಕಾ? ಮತ್ತೆ ಸಿಯರ್ (ಟ್ರಿಗರ್ ಎಳೆಯುವವರೆಗೆ ಸುತ್ತಿಗೆಯನ್ನು ಹಿಡಿದಿಡುವ ಕೊಕ್ಕೆ), ಫ್ರೇಮ್ (ಬ್ಯಾರೆಲ್ ಕೂರುವ ಮುಖ್ಯ ಚೌಕಟ್ಟು) ಕೂಡ ಹೀಗೇ ಮಾಡಬಹುದಾ?

ಕುಲುಮೆಮನೆ:
ಹಾಗೇ ಬಗ್ಗಿಸಬೇಡಿ ಸರ್, ಬಿರುಕು ಬಿಡುತ್ತದೆ. ಹಿಂದಿನ ಬಾರಿ ಬಳಸಿದ ಹಳೇ ಇದ್ದಿಲಿನಲ್ಲೇ ಹುಗಿದು 700 ಡಿಗ್ರಿಗೆ ಏರಿಸಿ, ಫರ್ನೇಸ್ ಒಳಗೇ ರಾತ್ರಿಯಿಡೀ ಆರಲು ಬಿಡಿ. ಮೆತ್ತಗಾದ ಮೇಲೆ ವೈಸ್‌ನಲ್ಲಿ ತಾಮ್ರದ ತುಂಡುಗಳನ್ನಿಟ್ಟು ಸ್ವಲ್ಪಸ್ವಲ್ಪವೇ ಒತ್ತಿ. ಕೆತ್ತನೆ ಇರುವ ಕಡೆ ಎಮೆರಿಯ ಹಿಂದೆ ಗಟ್ಟಿ ತುಂಡು ಕೊಟ್ಟು ಉಜ್ಜಿ, ಅಂಚು ಉರುಟಾಗಬಾರದು. ಗಟ್ಟಿಮಾಡುವುದನ್ನು ಪದೇಪದೇ ಮಾಡುತ್ತಾ ಹೋದರೆ ಇಂಗಾಲ ಆಳಕ್ಕಿಳಿದು ತೆಳು ಪ್ಲೇಟ್ ಪೂರ್ತಿ ಗಾಜಿನಂತಾಗುತ್ತದೆ, ಇದು ನೆನಪಿರಲಿ.

ನೈಟ್ರೇಟ್ 20 ಲೀಟರಿಗೆ ಎರಡು ದೊಡ್ಡ ಚಮಚ ಸಾಕು. ಕೆಲವರಿಗೆ ಇದರಿಂದ ಬಣ್ಣ ಗಾಢವಾಗುತ್ತದೆ. ಆದರೆ ಗಾಳಿಗುಳ್ಳೆ ಸರಿಯಿಲ್ಲದಿದ್ದರೆ ಇದರಿಂದ ಏನೂ ಆಗದು. ಒಣ ನೈಟ್ರೇಟನ್ನು ಇದ್ದಿಲಿನ ಹತ್ತಿರವೂ ಇಡಬೇಡಿ, ಎರಡೂ ಸೇರಿದ್ದಕ್ಕೆ ಕಿಡಿಯೋ ಬಿಸಿಯೋ ತಗುಲಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಸೈನೈಡ್ ಲವಣದ ವಿಧಾನ ಮನೆಗೆ ಬೇಡವೇ ಬೇಡ.

ಫ್ರೇಮ್ ಮುಟ್ಟಬೇಡಿ. ಗುಂಡಿನ ಒತ್ತಡ ಹೊರುವ ಭಾಗ ಅದು, ಮತ್ತೆ ಕಾಯಿಸಿ ತಣಿಸಿದರೆ ಅಳತೆ, ಬಲ ಎರಡೂ ಬದಲಾಗಬಹುದು. ಪರವಾನಗಿ ಇರುವ ಗನ್‌ಸ್ಮಿತ್ ನೋಡಿಯೇ ತೀರ್ಮಾನಿಸಬೇಕು. ಸಿಯರ್, ಸ್ಪ್ರಿಂಗ್‌ಗಳನ್ನೂ ಡಬ್ಬಕ್ಕೆ ಹಾಕಬೇಡಿ. ಅವುಗಳ ಗಡಸುತನ ಕೆಲಸಕ್ಕೆ ತಕ್ಕಂತೆ ಮೊದಲೇ ಹೊಂದಿಸಿದ್ದು, ಕೆಟ್ಟರೆ ಟ್ರಿಗರ್ ಎಳೆಯದೆಯೇ ಬಂದೂಕಿನಿಂದ ಗುಂಡು ಹಾರಬಹುದು.

ಉಕ್ಕಿನಕಸುಬು:
ಮುಂದಿನ ಬಾರಿ ಪ್ಲೇಟ್ ಹಾಕುವ ಮೊದಲು, ಅದೇ ದಪ್ಪದ ಎಂಎಸ್ ಪಟ್ಟಿಯೊಂದನ್ನು ಅದೇ ಡಬ್ಬ, ಅದೇ ಬಿಸಿ, ಅದೇ ನೀರಿನಲ್ಲಿ ಬೀಳಿಸಿ ನೋಡಿ. ಅದರಲ್ಲಿ ಬಣ್ಣ ಬಂದರೆ ಮಾತ್ರ ಪ್ಲೇಟಿಗೆ ಕೈಹಾಕಿ. ಹೊರತೆಗೆದ ಪ್ಲೇಟನ್ನು ಕುದಿನೀರಿನಲ್ಲಿ ಅದ್ದಿ, ಒಣಗಿಸಿ, ಎಣ್ಣೆ ಸವರಿ. ಬಣ್ಣ ಉಜ್ಜಿದರೆ ಹೋಗುತ್ತದೆ, ಹಾಗಾಗಿ ಎಣ್ಣೆ ಒರೆಸಿ ಎಸಿಟೋನ್‌ನಲ್ಲಿ ಶುಚಿಮಾಡಿ ಮೇಲೆ ತೆಳು ಲ್ಯಾಕರ್ ಒಂದು ಕೋಟ್ ಹೊಡೆಯಿರಿ.